ಶಾಂಭವಿಯ ಸೊಪ್ಪು ಕಟ್ಟಿದವರು

ಹುಣಸೂರಿನ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದ ಮೇಲೆ ನಾನು ಊರಿಗೆ ಬಂದು ತಮ್ಮ ಪ್ರಭುಸ್ವಾಮಿಯ ಮನೆ ಸೇರಿಕೊಂಡೆ. ಮದುವೆಯಾಗಿಲ್ಲ. ಈ ಸಮಾಜ ನನಗೆ ಒಪ್ಪಿಗೆಯಿಲ್ಲ, ಅದಕ್ಕೇ ಆಗಲಿಲ್ಲ ಎಂದು ಒಂದು ಕಾಲದಲ್ಲಿ ಹೇಳಿಕೊಳ್ಳುತ್ತಿದ್ದೆ. ನಾನು ಸಮಾಜವನ್ನು ತಿರಸ್ಕರಿಸಿದ ಸಂಗತಿ ಸಮಾಜಕ್ಕೆ ಮಾತ್ರ ಕೊನೆಯವರೆಗೂ ಗೊತ್ತಾಗಲಿಲ್ಲ. ಓದುತ್ತ ಕೂತವನನ್ನು ಊರು ಬಹಳ ಗೌರವಿಸುತ್ತದೆ. ಇವನು ಎದ್ದು ಬಂದು ಏನೂ ಮಾಡುವುದಿಲ್ಲ ಎಂಬ ಭರವಸೆ ಅದಕ್ಕಿರುತ್ತದೆ.

ನಿಜವಾದ ದಂಗೆ ನಮ್ಮ ಮನೆಯಲ್ಲಿ ಎದ್ದದ್ದು ಹೋದ ವರ್ಷ ಶ್ರಾವಣದಲ್ಲಿ, ಹೊಗೆಸೊಪ್ಪಿನ ಚಪ್ಪರದ ಕೆಳಗೆ. ಎಬ್ಬಿಸಿದವಳು ತಮ್ಮನ ಹೆಂಡತಿ ಶಾಂಭವಿ. ಅವಳು ಅದನ್ನು ದಂಗೆ ಎಂದು ಕರೆದವಳಲ್ಲ. ಅವಳ ಪ್ರಕಾರ ಅದು ಕಾಫಿ.

ಹುಣಸೂರಿನಿಂದ ವೀರನಹೊಸಹಳ್ಳಿ ಕಡೆಗೆ ಹೋಗುವಾಗ, ಕಾಡಿಗೆ ಮುಂಚೆ ಎಡಕ್ಕೆ ಸಿಗುತ್ತದೆ ನಮ್ಮೂರು. ಮೂರು ತಿಂಗಳು ಊರಿಗೆ ಊರೇ ಸೊಪ್ಪು. ಬೆಳಿಗ್ಗೆ ಹೊಲದಲ್ಲಿ ಎಲೆ ಮುರಿಯಬೇಕು, ತಂದು ಚಪ್ಪರದಲ್ಲಿ ಕೂತು ಕಡ್ಡಿಗಳಿಗೆ ದಾರದಿಂದ ಕಟ್ಟಬೇಕು, ಸಂಜೆಯೊಳಗೆ ಕಡ್ಡಿಗಳನ್ನೆಲ್ಲ ಬ್ಯಾರನ್ ಎಂಬ ಕಿಟಕಿಯಿಲ್ಲದ ಎತ್ತರದ ಮನೆಯೊಳಗೆ ಸಾಲುಸಾಲಾಗಿ ಏರಿಸಿ ಉರಿ ಹಾಕಬೇಕು. ಮುರಿದ ಎಲೆ ರಾಶಿಯಲ್ಲೇ ಉಳಿದರೆ ಒಳಗೊಳಗೇ ಕಾವು ಏರಿ ಕಪ್ಪಾಗುತ್ತದೆ. ಕಪ್ಪಾದ ಸೊಪ್ಪನ್ನು ಹರಾಜು ಕಟ್ಟೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಕಟ್ಟಲು ಬರುವ ಹೆಂಗಸರಲ್ಲಿ ಮುಕ್ಕಾಲು ಪಾಲು ಕಾಲೋನಿಯವರು. ಅವರಿಗೆ ನಮ್ಮಜ್ಜಿಯ ಕಾಲದಲ್ಲಿ ತೆಂಗಿನ ಚಿಪ್ಪು, ನಮ್ಮಮ್ಮನ ಕಾಲದಲ್ಲಿ ಚಪ್ಪರದ ಸಂದಿಗೆ ಸಿಕ್ಕಿಸಿಟ್ಟ ಬೇರೆ ಲೋಟ, ಈಗ ಪೇಪರ್ ಲೋಟ. ಕೊರೋನಾ ಬಂದುಹೋದ ಮೇಲೆ ಪೇಪರ್ ಲೋಟಕ್ಕೆ ವಿಜ್ಞಾನದ ಬೆಂಬಲವೂ ಸಿಕ್ಕಿತು. ಅದೇ ಚಪ್ಪರದಲ್ಲಿ ಕೂತ ನಮ್ಮ ಬೀದಿಯವರಿಗೆ ಮಾತ್ರ ಸ್ಟೀಲ್ ಲೋಟ. ವೈರಾಣುವಿಗೂ ಯಾವ ಬೀದಿ ಯಾರದು ಎಂದು ತಿಳಿದಿತ್ತು. ಜಾತಿಯಿಲ್ಲ ಎಂದು ಸಾರಿದ ಶರಣರ ಪಟ ನಮ್ಮ ಬೀದಿಯ ಪ್ರತಿ ನಡುಮನೆಯಲ್ಲೂ ಇದೆ, ಹಬ್ಬಕ್ಕೊಮ್ಮೆ ಒರೆಸುತ್ತೇವೆ.

ಆ ಸೋಮವಾರ ಕಾಲೋನಿಯ ಚಾಮುಂಡಮ್ಮನ ಕೈಯಲ್ಲಿದ್ದ ಪೇಪರ್ ಲೋಟ ಮೆತ್ತಗಾಗಿ ಮಡಚಿಕೊಂಡಿತು. ಸೊಪ್ಪಿನ ಅಂಟು ಹತ್ತಿದ ಕೈಗೆ ಎಲ್ಲವೂ ಮೆತ್ತಿಕೊಳ್ಳುತ್ತದೆ, ಬಿಸಿ ಲೋಟವೂ. ಕೊಡವಿದರೆ ಬಿಡಲಿಲ್ಲ. ಅಂಗೈ ಸುಟ್ಟಿತು. "ಏನಿಲ್ಲ ಬುಡವ್ವ, ನಿಮ್ಮ ಕಾಫಿಗೆ ನನ್ ಕಂಡ್ರೆ ಪಿರೂತಿ," ಎಂದು ಚಾಮುಂಡಮ್ಮ ನಕ್ಕಳು. ಶಾಂಭವಿ ನಗಲಿಲ್ಲ. ಮಂಗಳವಾರ ಎಲ್ಲರಿಗೂ ಸ್ಟೀಲ್ ಲೋಟ ಬಂತು. ಬುಧವಾರವೂ ಬಂತು. ನಮ್ಮ ಬೀದಿಯ ಇಬ್ಬರು ಹೆಂಗಸರು ತಮ್ಮ ಲೋಟವನ್ನು ಮುಟ್ಟದೆ ಎದ್ದು ಹೋದರು. ಗುರುವಾರದ ಹೊತ್ತಿಗೆ ಸುದ್ದಿ ಗಂಗಾಧರಪ್ಪನ ಕಟ್ಟೆಗೆ ತಲುಪಿತ್ತು.

ಗಂಗಾಧರಪ್ಪ ನಮ್ಮ ದೊಡ್ಡಪ್ಪನ ಮಗ, ಊರಿನ ಯಜಮಾನ. ಕೆಟ್ಟವನೆಂದು ಹೇಳಲಾರೆ. ಸೊಪ್ಪಿನ ವಿಷಯದಲ್ಲಿ ಅವನನ್ನು ಮೀರಿಸುವವರು ಪಿರಿಯಾಪಟ್ಟಣದವರೆಗೂ ಇಲ್ಲ. ಎಲೆ ಮೂಸಿ ನೋಡಿ ಬ್ಯಾರನ್ನಿನ ಶಾಖ ಹೇಳುತ್ತಾನೆ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮ ಸೊಪ್ಪು ಮುರಿದು ಚಪ್ಪರಕ್ಕೆ ಬಂದು ಬಿದ್ದ ಗಳಿಗೆಗೆ ಸರಿಯಾಗಿ, 'ನಮ್ಮೂರು ನಮ್ಮ ಹೆಮ್ಮೆ' ಎಂಬ ವಾಟ್ಸಾಪ್ ಗುಂಪಿನಲ್ಲಿ ಅವನ ಧ್ವನಿ ಕೇಳಿಸಿತು.

"ಗಂಗಾಧರಪ್ಪ ಮಾತಾಡ್ತಿರೋದು. ಇದು ಬಹಿಷ್ಕಾರ ಅಲ್ಲ. ಬಹಿಷ್ಕಾರಕ್ಕೆ ಕಾನೂನು ಐತೆ ಅಂತ ನಮಗೂ ಗೊತ್ತು. ಪ್ರಭುಸ್ವಾಮಿ ಮನೆಯೋರ ಜೊತೆ ಯಾರೂ ಮಾತಾಡಂಗಿಲ್ಲ, ಕೆಲಸಕ್ಕೆ ಹೋಗಂಗಿಲ್ಲ, ಅಷ್ಟೇಯ. ಆಯಮ್ಮ ಸಂಜೆ ಒಳಗೆ ಕಟ್ಟೆಗೆ ಬಂದು ತಪ್ಪಾಯ್ತು ಅನ್ನಲಿ, ಮುಗೀತು."

ಅದನ್ನು ಎರಡನೇ ಸಲ ಕೇಳೋಣವೆಂದು ಒತ್ತುವಷ್ಟರಲ್ಲಿ ನಮ್ಮ ಮೂವರನ್ನೂ ಗುಂಪಿನಿಂದ ತೆಗೆದುಹಾಕಿದ್ದರು. ಹಿಂದೆ ಊರಿನಿಂದ ಹೊರಹಾಕಲು ತಮಟೆ ಬೇಕಿತ್ತು.

ಕಾಲೋನಿಗೂ ಪ್ರತ್ಯೇಕ ಮಾತು ಹೋಗಿತ್ತು: ಶಾಂಭವಿಯ ಚಪ್ಪರಕ್ಕೆ ಹೋದವರನ್ನು ಊರಿನ ಬೇರೆ ಯಾವ ಮನೆಯೂ ಕೆಲಸಕ್ಕೆ ಕರೆಯುವುದಿಲ್ಲ. ಚಾಮುಂಡಮ್ಮನ ಗಂಡ ಜವರಯ್ಯ ಬಂದು ಬೇಲಿಯಾಚೆಯಿಂದಲೇ ಹೆಂಗಸರನ್ನು ಕರೆದ. ಅವರು ಎದ್ದರು. ಹೋಗುವ ಮುಂಚೆ ಜವರಯ್ಯ ಶಾಂಭವಿಗೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ನಾವೇನ್ ಸ್ಟೀಲ್ ಲೋಟ ಕೇಳಿದ್ವಾ ಕಣವ್ವ? ನಿಮಗೆ ಒಳ್ಳೇದ್ ಮಾಡಾ ಚಪಲ. ಏಟು ತಿನ್ನೋರು ನಾವು."

ಅವನ ಮಾತು ಸರಿಯಾಗಿತ್ತು.

ಚಪ್ಪರದಲ್ಲಿ ಉಳಿದವರು ನಾವು ಮೂವರು, ಮತ್ತು ಎದೆಯೆತ್ತರದ ಹಸಿರು ರಾಶಿ. ಆರುನೂರು ಕಡ್ಡಿಯ ಸೊಪ್ಪು. ಹದಿನೈದು ಜೊತೆ ಕೈಯಾದರೂ ಬೇಕು.

"ಒಂದು ಮಾತು ಕಣೇ," ಎಂದ ಪ್ರಭುಸ್ವಾಮಿ. ಅವನು ಮೊದಲಿಂದಲೂ ಜಗಳವೆಂದರೆ ನೀರಡಿಕೆಯಾಗುವ ಮನುಷ್ಯ. "ತಪ್ಪಾಯ್ತು ಅಂದ್ಬುಡು. ಬಾಯಲ್ಲಿ ಅನ್ನೋದು, ಮನಸಲ್ಲಿ ಅನ್ನಬ್ಯಾಡ."

"ಏನು ತಪ್ಪಾಯ್ತು ಅನ್ಲಿ? ಕಾಫಿಗೆ ಸಕ್ಕರೆ ಜಾಸ್ತಿ ಆಗಿತ್ತಾ?"

"ವರ್ಷದ ಗೇಮೆ ಕಣೇ ಅಲ್ಲಿ ಬಿದ್ದಿರೋದು."

"ಕಾಣ್ತದೆ ನನಗೂ," ಎಂದು ಅವಳು ಕಡ್ಡಿ ತೆಗೆದುಕೊಂಡು ಕೂತಳು. "ಬಾವ, ನಿಮಗೆ ದಾರ ಸುತ್ತಕ್ಕೆ ಬತ್ತದಾ?"

ಬರುತ್ತಿರಲಿಲ್ಲ. ಬರುತ್ತದೆ ಎಂದೆ. ಅರವತ್ತನಾಲ್ಕನೇ ವಯಸ್ಸಿನಲ್ಲಿ, ಸುಳ್ಳು ಹೇಳುವುದರ ಮೂಲಕ, ನಾನು ದಂಗೆಗೆ ಸೇರಿದೆ.

ಹನ್ನೆರಡೂವರೆಗೆ ಹುಣಸೂರಿನಿಂದ ಸೈಫುಲ್ಲಾ ಬಂದ. ಬ್ಯಾರನ್ನಿನೊಳಗೆ ಶಾಖ ಹರಿಸುವ ತಗಡಿನ ಕೊಳವೆಗಳನ್ನು ಮಾಡುವವನು ಅವನು. ನಮ್ಮ ಕೊಳವೆಯ ಒಂದು ಬೆಸುಗೆ ಬಿಟ್ಟಿತ್ತು. ಗಾಡಿಯ ಹಿಂದೆ ಅವನ ತಾಯಿ ಬಷೀರಾಬಿ ಕೂತಿದ್ದರು. ವೀರನಹೊಸಹಳ್ಳಿಯಲ್ಲಿ ಯಾರನ್ನೋ ನೋಡಲು ಹೋಗುತ್ತಿದ್ದರಂತೆ. ಖಾಲಿ ಚಪ್ಪರ ನೋಡಿ, ವಿಷಯ ಕೇಳಿ, ಸೈಫುಲ್ಲಾ ಫೋನು ತೆಗೆದು ಹುಡುಕುವವನಂತೆ ನಟಿಸಿದ.

"ನನ್ನನ್ನ ಯಾವ ಗುಂಪಿಂದ ತೆಗೀತಾರೆ ಅಂತ ನೋಡ್ದೆ ಸಾರ್. ಮೊದ್ಲು ಸೇರಿಸ್ಬೇಕು ಅವರು."

ಬಷೀರಾಬಿ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ ರಾಶಿಯ ಪಕ್ಕ ಕೂತರು. ಎಪ್ಪತ್ತರ ಹತ್ತಿರದ ಆ ಹೆಂಗಸಿನ ಕೈಯೋಟ ನೋಡಿ ನಾನು ನನ್ನ ಕಡ್ಡಿಯನ್ನು ಮರೆಮಾಡಿದೆ. ಇಪ್ಪತ್ತು ವರ್ಷ ಅವರು ಸೊಪ್ಪಿನ ಗೋದಾಮಿನಲ್ಲಿ ದುಡಿದವರು.

"ಯಾರನ್ನೋ ನೋಡಕ್ಕೆ ಹೋಗ್ಬೇಕಿತ್ತಲ್ಲ ಅಮ್ಮ," ಎಂದಳು ಶಾಂಭವಿ.

"ಅವರು ನಾಳೇನೂ ಇರ್ತಾರೆ ಬೇಟಿ. ಸೊಪ್ಪು ಇರಲ್ಲ."

ಅಮ್ಮ ಕೂತ ಮೇಲೆ ಮಗ ನಿಂತಿರಲಾಗುತ್ತದೆಯೇ? ಕೊಳವೆಗೆ ಬೆಸುಗೆ ಹಾಕಿ ಅವನೂ ಬಂದ. ಐದು ಜನವಾದೆವು. ರಾಶಿ ಮಾತ್ರ ಕರಗಿದಂತೆ ಕಾಣಲಿಲ್ಲ. ಅದರೊಳಗೆ ಕೈಯಿಟ್ಟರೆ ಆಗಲೇ ಬೆಚ್ಚಗಿತ್ತು.

ಒಂದೂವರೆಯ ಹೊತ್ತಿಗೆ ಚಪ್ಪರದ ಆ ತುದಿಯಲ್ಲಿ ಯಾರೋ ಗೊಣಗುವುದು ಕೇಳಿಸಿತು. ತಿರುಗಿ ನೋಡಿದರೆ ಸುನಂದಮ್ಮ, ಗಂಗಾಧರಪ್ಪನ ಹೆಂಡತಿ. ನಮ್ಮ ಕಡೆ ಬೆನ್ನು ಮಾಡಿ, ಚಪ್ಪರದ ಕಂಬದ ಎದುರಿಗೆ ಕೂತು, ತೊಡೆಯ ಮೇಲೆ ಎಲೆ ಹಾಕಿಕೊಂಡಿದ್ದಾರೆ.

"ಅತ್ತಿಗೆ..." ಎಂದೆ ನಾನು.

"ಕಂಬಾ," ಎಂದರು ಸುನಂದಮ್ಮ ಕಂಬಕ್ಕೆ, ಊರಿಗೆಲ್ಲ ಕೇಳುವ ಹಾಗೆ, "ಯಾರೂ ನನ್ನ ಮಾತಾಡಿಸ್ಬಾರ್ದು ಅಂತ ಹೇಳು. ನಾನು ಯಜಮಾನರ ಮಾತು ಮೀರೋಳಲ್ಲ. ಈ ಮನೆಯೋರ ಜೊತೆ ಒಂದಕ್ಷರ ಆಡಿಲ್ಲ, ಆಡೋದೂ ಇಲ್ಲ."

ಶಾಂಭವಿ ತುಟಿ ಕಚ್ಚಿಕೊಂಡಳು. "ಕಂಬಾ, ಊಟ ಆಯ್ತಾ ಅಂತ ಕೇಳು."

"ಕಂಬಾ, ಆಯ್ತು ಅಂತ ಹೇಳು. ಯಜಮಾನರದ್ದು ಇನ್ನೂ ಆಗಿಲ್ಲ, ಅನ್ನ ಒಲೆ ಮ್ಯಾಲೈತೆ, ಬಡಿಸ್ಕೊಳ್ಳಕ್ಕೆ ದೇವರು ಕೈ ಕೊಟ್ಟವ್ನೆ ಅಂತಾನೂ ಹೇಳು. ಮದುವೆ ಆಗಿ ನಲವತ್ತೊಂದು ವರ್ಷ ಆಯ್ತು ಕಂಬಾ. ಅವರ ಮಾತಿಗೆ ನಾನು ಎದುರಾಡ್ದೋಳಲ್ಲ. ಆದರೆ ಕಣ್ಣೆದುರಿಗೆ ಸೊಪ್ಪು ಬೇಯೋದ ನೋಡ್ಕಂಡು ಕುಂತ್ಕಳೋ ಅಂತ ಜಾತಿ ನಮ್ಮದಲ್ಲ."

ನಲವತ್ತೊಂದು ವರ್ಷದಲ್ಲಿ ಅವರು ಅಷ್ಟು ಉದ್ದಕ್ಕೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇಷ್ಟು ಕಾಲ ಆ ಮನೆಯಲ್ಲಿ ಅವರಿಗೊಂದು ಒಳ್ಳೆಯ ಕಂಬ ಸಿಕ್ಕಿರಲಿಲ್ಲವೇನೋ.

ಆರು ಜನ. ಗಂಟೆ ಎರಡಾಗಿತ್ತು. ಶಾಂಭವಿ ಲೆಕ್ಕ ಹಾಕಿದ್ದು ಅವಳ ಮುಖದಲ್ಲೇ ಕಾಣುತ್ತಿತ್ತು: ಮೂರರಲ್ಲೊಂದು ಪಾಲೂ ಆಗುವುದಿಲ್ಲ. ಆಗಲೇ ನಾನು ಗಮನಿಸಿದ್ದು, ಪ್ರಭುಸ್ವಾಮಿ ಇರಲಿಲ್ಲ. ಅವನ ಕಡ್ಡಿ ಅರ್ಧ ಕಟ್ಟಿ ನೆಲದಲ್ಲಿತ್ತು.

"ಕಟ್ಟೆಗೆ ಹೋದರು," ಎಂದಳು ಶಾಂಭವಿ ಎಲೆಯಿಂದ ಕಣ್ಣೆತ್ತದೆ. "ನನ್ನ ಬದ್ಲು ಅವರೇ ತಪ್ಪಾಯ್ತು ಅಂದು ಬತ್ತಾರೆ."

ಗಂಡ ಹೇಳಿದರೆ ಹೆಂಡತಿ ಹೇಳಿದ ಹಾಗೆಯೇ. ಕಟ್ಟೆಗೆ ಅಷ್ಟು ಸಾಕು. ನಾಳೆಯಿಂದ ಪೇಪರ್ ಲೋಟ. ಅವಳ ಕೈ ನಿಲ್ಲಲಿಲ್ಲ. ಆದರೆ ದಾರವನ್ನು ಎಷ್ಟು ಬಿಗಿಯಾಗಿ ಎಳೆದಳೆಂದರೆ ಎಲೆಯ ತೊಟ್ಟು ಕತ್ತರಿಸಿ ಬಿತ್ತು.

"ಹೋಗಿ ಕರ್ಕೊಂಡು ಬರ್ಲಾ?" ಎಂದೆ.

"ಬೇಡಿ ಬಾವ. ಎಳ್ಕೊಂಡು ಬಂದ್ರೆ ನಿಲ್ಲಲ್ಲ ಅವರು."

ಎರಡೂವರೆಗೆ ಬೇಲಿಯ ಬಳಿ ಸದ್ದಾಯಿತು. ಜವರಯ್ಯ, ಚಾಮುಂಡಮ್ಮ, ಅವರ ಹಿಂದೆ ಬೆಳಗಿನ ಹೆಂಗಸರೆಲ್ಲ, ಬೆಳಿಗ್ಗೆ ಬಾರದಿದ್ದ ಮೂವರು ಗಂಡಸರೂ.

"ಊರ್ನೋರು ಏನಂದ್ರವ್ವ?" ಎಂದು ಜವರಯ್ಯ ಕೇಳಿದ, ಪಾಠ ಒಪ್ಪಿಸುವವನಂತೆ. "ಇಲ್ಲಿಗ್ ಬಂದೋರ್ನ ಬ್ಯಾರೆ ಯಾವ್ ಮನೆಗೂ ಕರೆಯಾಕಿಲ್ಲ ಅಂದ್ರು. ಕುಂತ್ಕಂಡು ಯೋಚ್ನೆ ಮಾಡ್ದೋ. ಸರಿ ಕಣ, ಅಂಗೇ ಆಗ್ಲಿ ಅಂತ ಎಲ್ರೂವೆ ಇಲ್ಲಿಗೇ ಬಂದುಬುಟ್ಟೋ. ನಾಳೀಕೆ ಅವರ ಒಲದ ಸೊಪ್ಪ ಯಾರ್ ಮುರೀತಾರೆ, ನೋಡ್ಮ."

ಕಾಲೋನಿಯ ಕೈಗಳಿಲ್ಲದೆ ಊರಿನ ಒಂದು ಎಲೆಯೂ ಬ್ಯಾರನ್ ಸೇರುವುದಿಲ್ಲ ಎಂಬುದನ್ನು ಯಜಮಾನರು ಮರೆತಿದ್ದರು. ಸೊಪ್ಪು ಬಲಿತ ವಾರದಲ್ಲಿ ಹೀಗೆ ಮರೆಯುವುದು ನಮ್ಮ ಬೀದಿಯವರಿಗೆ ಮಾತ್ರ ಸಾಧ್ಯ.

"ಬೆಳಿಗ್ಗೆ ಹೇಳಿದ್ದು..." ಎಂದು ಶಾಂಭವಿ ಎದ್ದಳು.

"ಬೆಳಿಗ್ಗೆ ಏಳಿದ್ದು ನಿಜವೇಯ," ಎಂದ ಜವರಯ್ಯ. "ನಿಮ್ಮ ಮಖ ನೋಡಿ ಬಂದಿಲ್ಲ. ಬಾ ಅಂದ್ರೆ ಬರಾಕೆ, ಓಗು ಅಂದ್ರೆ ಓಗಾಕೆ ನಾವೇನು ಕುರೀನಾ ಅಂತ ಬಂದಿದ್ದು."

"ಅಯ್ಯೋ, ಭಾಷ್ಣ ಆಮ್ಯಾಕೆ ಮಾಡೀಯಂತೆ," ಎಂದು ಚಾಮುಂಡಮ್ಮ ಗಂಡನನ್ನು ಪಕ್ಕಕ್ಕೆ ತಳ್ಳಿ, ಸುಟ್ಟ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದವಳು ಹಾಗೇ ಕೂತಳು. "ಮೊದ್ಲು ಕಡ್ಡಿ ಎತ್ಕೊಡು. ಸೋಮಣ್ಣಾರೆ, ಒಸಿ ಅತ್ತಗೆ ಸರೀರಿ. ಆ ಸೊಪ್ಪು ನಿಮಗೇನು ಅನ್ಯಾಯ ಮಾಡೈತೆ?" ಎಂದಳು ನನ್ನ ಕಡ್ಡಿ ನೋಡಿ.

ಚಪ್ಪರ ತುಂಬಿತು. ಕೈಗಳ ಸದ್ದು, ದಾರದ ಸದ್ದು, ಮಧ್ಯೆ ಸುನಂದಮ್ಮ ಕಂಬದೊಂದಿಗೆ ನಡೆಸುತ್ತಿದ್ದ ಸಂಭಾಷಣೆ. ಬಷೀರಾಬಿ ಮತ್ತು ಚಾಮುಂಡಮ್ಮ ಹತ್ತೇ ನಿಮಿಷದಲ್ಲಿ ಮೊಣಕಾಲು ನೋವಿನ ವಿಚಾರದಲ್ಲಿ ಏಕಾಭಿಪ್ರಾಯಕ್ಕೆ ಬಂದರು. ನನ್ನ ಮಟ್ಟಿಗೆ ಹೇಳುವುದಾದರೆ, ಅಷ್ಟು ಜನರ ನಡುವೆ ಅಷ್ಟು ಕೆಟ್ಟದಾಗಿ ಕೆಲಸ ಮಾಡುತ್ತ ಅಷ್ಟು ಸುಖವಾಗಿ ನಾನೆಂದೂ ಇರಲಿಲ್ಲ.

ಆದರೆ ಶಾಂಭವಿಯ ಕಣ್ಣು ಬಾಗಿಲ ಕಡೆಗೇ ಇತ್ತು. ಸೊಪ್ಪು ಉಳಿಯಬಹುದು. ಉಳಿದ ಸೊಪ್ಪಿನ ಬ್ಯಾರನ್ನಿಗೆ ಗಂಡ ತಪ್ಪೊಪ್ಪಿಕೊಂಡು ಬಂದು ಉರಿ ಹಾಕಿದರೆ?

ಮೂರೂಮುಕ್ಕಾಲಿಗೆ ಪ್ರಭುಸ್ವಾಮಿ ಬಂದ. ಮುಖ ಕೆಂಪಗಿತ್ತು. ಚಪ್ಪರದ ತುಂಬ ಜನರನ್ನು ನೋಡಿ ಗಕ್ಕನೆ ನಿಂತ.

"ಅಂದು ಬಂದ್ರಾ?" ಎಂದಳು ಶಾಂಭವಿ.

ಕೈಗಳೆಲ್ಲ ನಿಂತವು.

"ಅನ್ನೋಣ ಅಂತಲೇ ಹೋದೆ ಕಣೇ. ಕುಂತ್ಕೋ ಅಂದ್ರು. ಕುಂತೆ. ಟೀ ತರಿಸಿದ್ರು." ಅವನು ನೀರಿಗಾಗಿ ಸುತ್ತ ನೋಡಿದ, ಯಾರೋ ಚೊಂಬು ಕೊಟ್ಟರು. "ಅವರಿಗೆಲ್ಲ ಗಾಜಿನ ಲೋಟ. ನಂಗೆ ಪೇಪರ್ ಲೋಟ ಕೊಟ್ರು."

ಚೊಂಬಿನ ನೀರನ್ನು ಗಟಗಟನೆ ಕುಡಿದ.

"ಗಂಗಾಧರಣ್ಣನ ಮನೇಲಿ ಹುಟ್ಟಿದಾಗಿಂದ ಉಂಡಿದೀನಿ. ಯಾಕಣ್ಣ ಅಂದೆ. ನೀನು ಈಗ ಹೊರಗಿನೋನು, ತಪ್ಪು ಅಂದ್ಮೇಲೆ ಗಾಜಿಂದು ಕೊಡ್ತೀವಿ ಅಂದ. ಆ ಲೋಟ ಹಿಡ್ಕಂಡೇ ಇದ್ದೆ. ಏನೂ ಅಲ್ಲ ಕಣೇ, ಬರೀ ಲೋಟ. ಕಣ್ಣಲ್ಲಿ ನೀರು ಬಂದ್ಬುಡ್ತು."

"ಬಿಸಿ ಇತ್ತಾ ಸ್ವಾಮಿ?" ಎಂದ ಜವರಯ್ಯ ಮೂಲೆಯಿಂದ.

ಪ್ರಭುಸ್ವಾಮಿ ಅವನ ಕಡೆ ತಿರುಗಿದ. ನನ್ನ ತಮ್ಮ ಜವರಯ್ಯನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲಿರಬೇಕು.

"ಬೋ ಬಿಸಿ ಕಣೋ," ಎಂದ. "ಕುಡೀಲಿಲ್ಲ. ಕಟ್ಟೆ ಮ್ಯಾಲೆ ಮಡಗಿ ಎದ್ದು ಬಂದೆ."

ಮೊದಲು ನಕ್ಕವಳು ಚಾಮುಂಡಮ್ಮ. ಆಮೇಲೆ ಚಪ್ಪರವೇ ನಕ್ಕಿತು. ಶಾಂಭವಿ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು, "ಅರ್ಧ ಕಟ್ಟಿ ಹೋಗಿದ್ರಲ್ಲ, ಆ ಕಡ್ಡಿ ಮುಗಿಸಿ," ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳ ದನಿ ಅಷ್ಟು ಮೃದುವಾಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಐದು ಗಂಟೆಗೆ ಗಂಗಾಧರಪ್ಪನೇ ಬಂದ. ಟೀ ಬಿಟ್ಟು ಎದ್ದುಹೋದವನನ್ನು ಹುಡುಕಿಕೊಂಡೋ, ಊಟ ಬಡಿಸದ ಹೆಂಡತಿಯನ್ನು ಹುಡುಕಿಕೊಂಡೋ, ಗೊತ್ತಿಲ್ಲ. ಚಪ್ಪರದ ಬಾಗಿಲಲ್ಲಿ ನಿಂತು ನೋಡಿದ: ಕಾಲೋನಿ, ಬಷೀರಾಬಿ, ಸೈಫುಲ್ಲಾ, ಕಂಬದೆದುರು ತನ್ನ ಹೆಂಡತಿ. ತನ್ನದೇ ಕಟ್ಟಳೆ, ಮಾತಾಡುವಂತಿಲ್ಲ. ಬಾಯಿ ಬಿಗಿಹಿಡಿದು ಎರಡು ನಿಮಿಷ ನಿಂತಿದ್ದ. ಆಮೇಲೆ ಅವನ ಕಣ್ಣು ನನ್ನ ಕಡ್ಡಿಯ ಮೇಲೆ ಬಿತ್ತು.

"ಲೇ ಸೋಮ!" ಎಂದು ಕಿರುಚಿದ. "ಅದೇನ್ಲಾ ಅದು, ಸೊಪ್ಪು ಕಟ್ತಿದೀಯೋ, ಕೋಳಿ ನೇತಾಕ್ತಿದೀಯೋ? ಎಲೆ ಬೆನ್ನಿಗೆ ಬೆನ್ನು ಕೊಡು ಕಣ್ಲಾ! ಹೊಟ್ಟೆಗೆ ಹೊಟ್ಟೆ ಅಂಟ್ಕಂಡ್ರೆ ಒಳಗೇ ಬೆಂದೋಯ್ತದೆ!"

"ಕಂಬಾ," ಎಂದರು ಸುನಂದಮ್ಮ, "ಯಾರೋ ಮಾತಾಡ್ದಂಗಾಯ್ತಲ್ಲ?"

"ನಾನು ಸೊಪ್ಪಿಗೆ ಅಂದಿದ್ದು," ಎಂದ ಗಂಗಾಧರಪ್ಪ.

ಆದರೆ ಕಡ್ಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಬಿಚ್ಚಿ, ನಿಂತಲ್ಲೇ ಮತ್ತೆ ಕಟ್ಟಿದ. ಅಷ್ಟು ಚೆಂದದ ಕೈ! ಎಲೆಗಳು ತಾವಾಗಿಯೇ ಬಂದು ಸಾಲಾಗಿ ನಿಂತಂತೆ ಕಂಡವು. ಕಟ್ಟಿದ್ದನ್ನು ನನ್ನ ಮಡಿಲಿಗೆ ಹಾಕಿ, ಯಾರ ಮುಖವನ್ನೂ ನೋಡದೆ ಹೊರಟ. ತಪ್ಪಾಯಿತು ಎಂದು ಅವನೂ ಹೇಳಲಿಲ್ಲ. ಕಟ್ಟಳೆಯನ್ನು ಇವತ್ತಿಗೂ ತೆಗೆದಿಲ್ಲ. ನಾಲ್ಕು ದಿನ ಬಿಟ್ಟು ಅವನ ಸೊಪ್ಪು ಬಲಿತಾಗ ಊರು ಅದನ್ನು ಜ್ಞಾಪಿಸಿಕೊಳ್ಳುವುದನ್ನು ನಿಲ್ಲಿಸಿತು, ಅಷ್ಟೆ. ಅವನ ಮನೆಯ ಚಪ್ಪರದಲ್ಲಿ ಇನ್ನೂ ಪೇಪರ್ ಲೋಟವೇ. ಆದರೂ ಆ ಒಂದು ಕಡ್ಡಿಗಾಗಿ ನಾನು ಅವನಿಗೆ ಋಣಿ. ನಮ್ಮ ಮನೆಯ ಆರುನೂರರಲ್ಲಿ ಅದೂ ಒಂದು.

ಆರು ಗಂಟೆಗೆ, ಇನ್ನೂ ಬೆಳಕಿರುವಾಗಲೇ, ಪ್ರಭುಸ್ವಾಮಿ ಮತ್ತು ಜವರಯ್ಯ ಬ್ಯಾರನ್ನಿನೊಳಗೆ ಅಡ್ಡಮರಗಳ ಮೇಲೆ ಹತ್ತಿ ಕೊನೆಯ ಕಡ್ಡಿ ಏರಿಸಿದರು. ಕೆಳಗಿನಿಂದ ಸೈಫುಲ್ಲಾ ಎತ್ತಿಕೊಟ್ಟ. ಶಾಂಭವಿ ಬಾಗಿಲು ಮುಚ್ಚಿ, ಹೊರಗಿನ ಒಲೆಗೆ ಉರಿ ಹಾಕಿದಳು. ಬೆಸುಗೆಯ ಜಾಗ ಹೊಗೆಯಾಡಲಿಲ್ಲ. ಬಷೀರಾಬಿ ಮಗನ ಬೆನ್ನಿಗೊಂದು ಗುದ್ದಿ, ಹೊರಡು ಎಂದರು.

"ಎಲ್ಲರೂ ಒಳಗೆ ಬನ್ನಿ, ನಡುಮನೇಲಿ ಊಟಕ್ಕೆ ಎಲೆ ಹಾಕ್ತೀನಿ," ಎಂದಳು ಶಾಂಭವಿ.

ಜವರಯ್ಯ ಸೊಂಟ ಹಿಡಿದು ನೆಟ್ಟಗಾದ. "ಒಂದೇ ದಿನಕ್ಕೆ ಇಂತಾವು ಎಲ್ಡು ಬ್ಯಾಡ ಕಣವ್ವ. ಇವತ್ತು ಮಲಗ್ಬೇಕು. ಉಣ್ಣಾದು ಇನ್ನೊಂದಿನ ನಾವೇ ಕೇಳ್ಕಂಡು ಬತ್ತೀವಿ."

ಕರೆದಾಗ ಬರುವುದಲ್ಲ, ತಾವು ಬೇಕೆಂದಾಗ ಬರುವುದು. ಅದು ಅವಳಿಗೆ ಅರ್ಥವಾಯಿತು, ಒತ್ತಾಯ ಮಾಡಲಿಲ್ಲ.

ನನಗೆ ಮಾತ್ರ ಸುಮ್ಮನಿರಲಾಗಲಿಲ್ಲ. ನಮ್ಮ ಕಡೆ ಧನ್ಯವಾದ ಹೇಳುವ ರೂಢಿಯಿಲ್ಲ. ಆ ಪದ ಇರುವುದು ಆಮಂತ್ರಣ ಪತ್ರಿಕೆಗಳಲ್ಲಿ. ಮೂವತ್ತೊಂದು ವರ್ಷ ಪುಸ್ತಕಗಳ ನಡುವೆ ಕೂತು ನಾನು ಬಯಸಿದ್ದನ್ನು ಇವರು ಒಂದು ಮಧ್ಯಾಹ್ನ, ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ, ಬೆವರುತ್ತ, ಬೈಯುತ್ತ ಮಾಡಿದ್ದರು. ಬೇಲಿಯವರೆಗೆ ಹೋಗಿ ಚಾಮುಂಡಮ್ಮನ ಮುಂದೆ ನಿಂತೆ.

"ಚಾಮುಂಡಮ್ಮ, ನಿಮ್ಮ ಉಪಕಾರವನ್ನ ನಾವು ಯಾವ ರೀತಿ..."

"ಉಪ್ಕಾರ ಎಲ್ಲೂ ಓಡೋಗಾಕಿಲ್ಲ ಬುಡಿ ಸೋಮಣ್ಣಾರೆ," ಎಂದಳು ಅವಳು. "ನಾಳೀಕೆ ಮ್ಯಾಲಿನ್ ಒಲ ಮುರೀಬೇಕಲ್ಲ. ಎಷ್ಟೊತ್ಗೆ ಬರಾನಾ, ಅದ ಏಳಿ."

"ಆರಕ್ಕೆ," ಎಂದಳು ಶಾಂಭವಿ ಒಲೆಯ ಬಳಿಯಿಂದ.

"ಏಳಕ್ಕೆ ಬತ್ತೀವಿ," ಎಂದಳು ಚಾಮುಂಡಮ್ಮ, ಮತ್ತು ಹೊರಟಳು.